ಮೇಷ್ಟರ ಗಿಂಬಳ

ಗಣಿತದ ಮೇಷ್ಟರದು ಇಪ್ಪತ್ತೆರಡು ವರ್ಷಗಳ ಸೇವೆ. ಪೈಥಾಗೊರಸನ ಪ್ರಮೇಯವನ್ನು ನಿದ್ದೆಯಲ್ಲಿ ಕೇಳಿದರೂ ತಪ್ಪಿಲ್ಲದೆ ಹೇಳಬಲ್ಲವರು. ಅಂಥವರೂ 2021ರ ಆಗಸ್ಟ್ 23ರಂದು ತರಗತಿಯೊಳಗೆ ಕಾಲಿಟ್ಟಾಗ ಹೊಸದಾಗಿ ಕೆಲಸಕ್ಕೆ ಸೇರಿದವರಂತೆ ಬೆವತಿದ್ದರು.

ಬೆಂಗಳೂರೂ ಸೇರಿದಂತೆ ರಾಜ್ಯದ ಹಲವು ಜಿಲ್ಲೆಗಳಲ್ಲಿ ಒಂಬತ್ತನೆಯ ತರಗತಿಯಿಂದ ಮೇಲ್ಪಟ್ಟವರಿಗೆ ಬಾಗಿಲು ಮತ್ತೆ ತೆರೆದ ದಿನವದು. ಬರಲೇಬೇಕೆಂಬ ಕಡ್ಡಾಯವಿರಲಿಲ್ಲ, ಕೊರೋನಾದ ಅಂಜಿಕೆಯಿದ್ದವರು ಮನೆಯಲ್ಲೇ ಕುಳಿತು ಕಲಿಯಬಹುದಿತ್ತು. ಹೀಗಾಗಿ ಅರ್ಧ ಮಕ್ಕಳು ಬೆಂಚಿನ ಮೇಲೆ, ಉಳಿದರ್ಧ ಮೇಜಿನ ಮೇಲಿಟ್ಟ ಮೊಬೈಲಿನೊಳಗೆ!

ಕರಿಹಲಗೆಯತ್ತ ತಿರುಗಿದರೆ "ಸಾರ್, ಕೇಳಿಸ್ತಿಲ್ಲ" ಎಂದು ಮೊಬೈಲು ಕೂಗುತ್ತಿತ್ತು. ಅದರ ಬಳಿಗೆ ಬಂದು ಬಾಗಿದರೆ ಹಿಂದಿನ ಬೆಂಚಿನಲ್ಲಿ ಗುಸುಗುಸು. ಹಾಜರಿ ಎರಡು ಸಲ, ಪ್ರಶ್ನೆ ಎರಡು ಸಲ, ಉತ್ತರ ಎರಡು ಸಲ. ಸಂಬಳ ಮಾತ್ರ ಒಂದೇ ಸಲವೆಂದು ಸಹೋದ್ಯೋಗಿಗಳು ನಗೆಯಾಡಿದರು. ರಾತ್ರಿ ಹತ್ತಾದರೂ ವಾಟ್ಸಾಪಿನಲ್ಲಿ ಹೋಂವರ್ಕಿನ ಚಿತ್ರಗಳು ಬರುತ್ತಲೇ ಇರುತ್ತಿದ್ದವು. ಕೆಲವು ಮಸುಕು, ಕೆಲವು ತಲೆಕೆಳಗು.

"ಊಟದ ಹೊತ್ತಿಗಾದರೂ ನಿಮ್ಮ ಸ್ಕೂಲು ಮುಗಿಯಬಾರದೇನ್ರೀ?" ಎಂದರು ಮನೆಯವರು.

"ಕೆಲಸ ಹೆಚ್ಚಾದದ್ದಕ್ಕೆ ಬೇಸರವಿಲ್ಲ ಕಣೇ. ಯಾರಿಗೆ ಪಾಠ ಹೇಳಿದೆ ಅನ್ನೋದೇ ಗೊತ್ತಾಗ್ತಿಲ್ಲ."

ಶಿಕ್ಷಕವೃತ್ತಿಯಲ್ಲೂ ಗಿಂಬಳವುಂಟು. ಓದುಗರು ತಪ್ಪು ತಿಳಿಯಬಾರದು: ಲೆಕ್ಕ ಅರ್ಥವಾದ ಗಳಿಗೆಯಲ್ಲಿ ಮಗುವಿನ ಹುಬ್ಬಿನ ಗಂಟು ಸಡಿಲುತ್ತದಲ್ಲ, ಅದೇ ಆ ಗಿಂಬಳ. ದುಡಿಮೆಯ ದಣಿವನ್ನು ನಿದ್ದೆ ಕಳೆಯುತ್ತದೆ. ಆ ಗಿಂಬಳ ನಿಂತುಹೋದ ದಣಿವನ್ನು ಯಾವ ನಿದ್ದೆಯೂ ಕಳೆಯದು. ಬೆಂಚಿನವರ ಮುಖವನ್ನು ಮಾಸ್ಕು ಮುಚ್ಚಿತ್ತು. ಮೊಬೈಲಿನವರು ಡೇಟಾ ಉಳಿಯಲೆಂದು ಕ್ಯಾಮೆರಾವನ್ನೇ ಆರಿಸಿದ್ದರು. ಮಕ್ಕಳ ಕಲಿಕೆ ಕಡಿದುಹೋಗದಿರಲು ಈ ಏರ್ಪಾಡು ಬೇಕಾಗಿತ್ತು, ನಿಜ. ಆದರೆ ಒಂದೇ ಪೀರಿಯಡ್ಡಿನಲ್ಲಿ ಎರಡು ತರಗತಿ ನಡೆಸುವವನ ಮನಸ್ಸಿಗೆ ವೇಳಾಪಟ್ಟಿಯಲ್ಲಿ ಜಾಗವಿರಲಿಲ್ಲ.

ಕೆಲವು ವಾರಗಳ ನಂತರ, ಅದುವರೆಗೆ ಮೊಬೈಲಿನೊಳಗಿದ್ದ ಹುಡುಗಿಯೊಬ್ಬಳು ತಾಯಿಯ ಒಪ್ಪಿಗೆಪತ್ರ ಹಿಡಿದು ತರಗತಿಗೆ ಬಂದಳು. ಮೂರು ಸಲ ತಪ್ಪಿಸಿ ಕಳುಹಿಸಿದ್ದ ಲೆಕ್ಕವನ್ನು ಹಲಗೆಯ ಮೇಲೆ ಬರೆಯತೊಡಗಿ ನಡುವೆ ತಟ್ಟನೆ ನಿಂತಳು. ತಾನೇ ಒಂದು ಚಿಹ್ನೆಯನ್ನು ಒರೆಸಿ ತಿದ್ದಿದಳು. ಮಾಸ್ಕಿನ ಮೇಲೆ ಎರಡು ಕಣ್ಣುಗಳು ಅರಳಿದವು.

"ಏನು ವಿಶೇಷ, ಹಾಡು ಗುನುಗ್ತಾ ಇದೀರಿ?" ಎಂದರು ರಾತ್ರಿ ಮನೆಯವರು.

"ಇವತ್ತು ಗಿಂಬಳ ಸಿಕ್ಕಿತು!"

ಅಷ್ಟರಲ್ಲಿ ಮೊಬೈಲು 'ಟಿಣ್' ಎಂದಿತು. ಮೇಷ್ಟರು ಮಜ್ಜಿಗೆಯನ್ನ ಮುಗಿಸಿ, ಕೈ ತೊಳೆದ ಮೇಲೆಯೇ ಅದರತ್ತ ನೋಡಿದರು.