ಮೊಣಕೈಯ ಅಳತೆ

ಯಾವುದಾದರೂ ವಿಷಯವನ್ನು ಮರೆತು ಬದಿಗಿಟ್ಟರೆ ಉರ್ದುವಿನಲ್ಲಿ ಅದನ್ನು 'ತಾಕ್ ಮೇಲೆ ಇಟ್ಟರು' ಎನ್ನುತ್ತಾರೆ. ತಾಕ್ ಎಂದರೆ ಗೋಡೆಯ ಗೂಡು; ನಮ್ಮ ಕಡೆಯ ಕನ್ನಡದಲ್ಲಿ ಮಾಡ. ಆದರೆ ನಮ್ಮ ಹಳೆಯ ಮನೆಯಲ್ಲಿ ತಾಕಿನ ಮೇಲಿಟ್ಟದ್ದನ್ನು ಯಾರೂ ಮರೆಯುತ್ತಿರಲಿಲ್ಲ. ಕುರ್‌ಆನ್ ಇರುತ್ತಿದ್ದುದು ಅಲ್ಲಿಯೇ, ಚಿಮಣಿ, ಸೂಜಿ-ದಾರ, ಬೆಂಕಿಪೆಟ್ಟಿಗೆಯೂ ಅಲ್ಲಿಯೇ. 1646ರ ಸುಮಾರಿಗೆ ಕಟ್ಟಿದ ವಿಜಯಪುರದ ಆಸಾರ್ ಮಹಲಿನ ಗೋಡೆಗಳಿಗೆ ಬಣ್ಣದ ಚಿತ್ರಗಳ ಸಿಂಗಾರವಿತ್ತು. ನಮ್ಮ ಮಾಡಗಳಿಗೆ ಚಿಮಣಿಯ ಮಸಿಯೇ ಸಿಂಗಾರ. ಕುರ್‌ಆನ್ ಇಡುವ ಮಾಡ ಎಲ್ಲಕ್ಕಿಂತ ಎತ್ತರದಲ್ಲಿತ್ತು. ಒಲೆಯ ಪಕ್ಕದ್ದು, ಕುಳಿತಲ್ಲಿಂದಲೇ ಕೈಗೆ ಸಿಗುವಷ್ಟು ಕೆಳಗೆ. ಗೋಡೆ ಕಟ್ಟಿದವನಿಗೆ ಆ ಮನೆಯ ಹೆಂಗಸರ ಕೈ ಎಲ್ಲಿಯವರೆಗೆ ಹೋಗುತ್ತದೆಂಬುದು ಗೊತ್ತಿತ್ತು.

ಈಗ ತಾಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳಲ್ಲಿ ಹೊಸ ಮನೆಗಳು ಏಳುತ್ತಿವೆ. ದ್ರಾಕ್ಷಿ, ಒಣದ್ರಾಕ್ಷಿ ಕೈಹಿಡಿದ ವರ್ಷ ಬಚ್ಚಲು ಬಾತ್‌ರೂಮ್ ಆಗುತ್ತದೆ, ಅಡುಗೆಮನೆಗೆ ಗೋಡೆಯುದ್ದ ಕಪಾಟು ಬರುತ್ತದೆ. ತಿಕೋಟಾದಲ್ಲಿರುವ ನನ್ನ ತಮ್ಮನೂ ಹಾಗೆಯೇ ಮಾಡಿಸಿದ. ಮೊಬೈಲಿನಲ್ಲಿ ಬಂದ ಚಿತ್ರವೊಂದನ್ನು ತೋರಿಸಿ, ಅದರಂತೆಯೇ ಬೇಸಿನ್ನಿನ ಕಪಾಟನ್ನು ಕೂಡಿಸಿದ. 32 ಇಂಚು ಎತ್ತರದ ಕಪಾಟಿನ ಮೇಲೆ ಗ್ರಾನೈಟ್, ಅದರ ಮೇಲೆ 5 ಇಂಚಿನ ಬಿಳಿ ಬೋಗುಣಿ. ನೋಡಲು ಚೆಂದವೇ ಇತ್ತು.

ಅಮ್ಮಿಯ ಎತ್ತರ 4 ಅಡಿ 8 ಇಂಚು. ಬೋಗುಣಿಯ ಅಂಚು ಅವರ ಮೊಣಕೈಗಿಂತ ಮೇಲೆ. ವಜೂ ಮಾಡುವಾಗ ಮೊಣಕೈವರೆಗೆ ತೊಳೆಯಬೇಕು. ಕೈ ಎತ್ತಿದರೆ ನೀರು ಬೋಗುಣಿಗೆ ಇಳಿಯುವ ಬದಲು ತೋಳಿನೊಳಗೆ ಹರಿದು ಕುಪ್ಪಸ ತೋಯುತ್ತಿತ್ತು. ಇನ್ನು ಕಾಲು ತೊಳೆಯುವ ಮಾತೆಲ್ಲಿ? ಎಪ್ಪತ್ತು ದಾಟಿದವರು ಅಷ್ಟೆತ್ತರಕ್ಕೆ ಕಾಲೆತ್ತಲು ಆಗುತ್ತದೆಯೇ? ಅಮ್ಮಿ ಯಾರಿಗೂ ಏನೂ ಹೇಳಲಿಲ್ಲ. ಚಳಿಗಾಲದ ಫಜರಿನ ಕತ್ತಲಲ್ಲಿ ಹಿತ್ತಲಿನ ನಳದ ಹತ್ತಿರ ಹೋಗಿ ಕೂಡತೊಡಗಿದರು. ಪಾಚಿಗಟ್ಟಿದ ಕಲ್ಲು ಅದು. ಮಗ ಖರ್ಚು ಮಾಡಿ ಮಾಡಿಸಿದ್ದನ್ನು ಹೆಸರಿಡಬಾರದು ಎಂಬುದು ಅವರ ಲೆಕ್ಕ. ಅಲ್ಲಿ ಜಾರಿಬಿದ್ದರೆ ಸೊಂಟದ ಎಲುಬೇ ಮುರಿದೀತು ಎಂಬುದು ನನ್ನ ಲೆಕ್ಕ.

ಕಪಾಟಿಗೂ ಸುಖವಿರಲಿಲ್ಲ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ, ನೆಲಕ್ಕೆ ತಾಗಿ ನಿಂತದ್ದು. ವರ್ಷದೊಳಗೆ ಬುಡ ಉಬ್ಬಿತು, ಬೋರಿನ ಉಪ್ಪುನೀರಿಗೆ ಕೀಲುಗಳು ತುಕ್ಕು ಹಿಡಿದವು. ಅದನ್ನು ಸರಿಮಾಡಲು ಬಬಲೇಶ್ವರದಿಂದ ಬಡಿಗೇರನೊಬ್ಬ ಬಂದ. ಅವನ ತಂದೆ ಚಕ್ಕಡಿ, ಕೂರಿಗೆ, ನೊಗ ಮಾಡುತ್ತಿದ್ದವರು. ಮಗನಿಗೆ ಪ್ಲೈವುಡ್, ಸನ್‌ಮೈಕಾ. ಆ ದಿನ ನಾನೂ ಅಲ್ಲಿದ್ದೆ. ಅಮ್ಮಿಯ ತೊಂದರೆ ಹೇಳಿದೆ. ಅವನು ಕಪಾಟನ್ನೊಮ್ಮೆ, ಅಮ್ಮಿಯನ್ನೊಮ್ಮೆ ನೋಡಿದ.

"ಎತ್ತಿನ ಎತ್ತರ ನೋಡಲಾರದ ನೊಗಾ ಕೆತ್ತತಾರೇನ್ರೀ ಅಕ್ಕಾರ? ನಮ್ಮಪ್ಪ ಮೊದಲ ಎತ್ತಿನ ಮುಂದ ನಿಂದರತಿದ್ದ, ಆಮ್ಯಾಲೆ ಕಟಗಿ ಮುಟ್ಟತಿದ್ದ."

ಎತ್ತಿಗೆ ಸಿಕ್ಕ ಈ ಮರ್ಯಾದೆ ಮನೆಯ ಹೆಂಗಸಿಗೆ ಏಕೆ ಸಿಗಲಿಲ್ಲ ಎಂದು ನಾನು ಕೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ತಮ್ಮ ತಾನಾಗಿಯೇ ತಲೆ ತಗ್ಗಿಸಿದ್ದ.

"ಅಮ್ಮಾ, ಇಲ್ಲಿ ಬಂದ ನಿಂದರ್ರಿ, ಕೈ ಮಡಚರಿ" ಎಂದು ಕರೆದು ಅಮ್ಮಿಯ ಮೊಣಕೈ ಎಲ್ಲಿಗೆ ಬರುತ್ತದೆಂದು ನೋಡಿ ಗೋಡೆಗೆ ಪೆನ್ಸಿಲಿನಿಂದ ಗೆರೆ ಎಳೆದ. 35 ಇಂಚು. ಅದಕ್ಕಿಂತ 5 ಇಂಚು ಕೆಳಗೆ ಬೇಸಿನ್ನಿನ ಅಂಚು. ಬೋಗುಣಿ ಹೋಯಿತು, ಕಲ್ಲಿನೊಳಗೇ ಇಳಿದು ಕೂಡುವ ಬೇಸಿನ್ ಬಂತು. ಹೊಸ ಪೆಟ್ಟಿಗೆ ಮರೈನ್ ಪ್ಲೈವುಡ್ಡಿನದು. ಹಲಗೆಯ ಅಂಚುಗಳನ್ನೂ ಕೊಳವೆಗಾಗಿ ಕೊರೆದ ತೂತಿನ ಬಾಯನ್ನೂ ನೀರು ಹೀರದಂತೆ ಮುಚ್ಚಿದ. ನೀರು ಒಳಗೆ ಹೋಗುವುದೇ ಆ ದಾರಿಗಳಿಂದ. ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ, ಇಟ್ಟಿಗೆ ಗೋಡೆಗೆ ಬೋಲ್ಟ್ ಹಾಕಿ ತೂಗುಬಿಟ್ಟ. ಕೆಳಗೆ ಕಸಬರಿಗೆ ಆಡುವಷ್ಟು ಜಾಗ. ನೀರು ಹೋಗುವ ಕೊಳವೆಯ ಬಾಯಿಯನ್ನೂ ಕೆಳಗಿಳಿಸಬೇಕಾಗಿ ನಾಲ್ಕು ಟೈಲ್ಸ್ ಒಡೆದವು. ಪಕ್ಕದಲ್ಲಿ, ಮಸೀದಿಯ ವಜೂಖಾನೆಯಲ್ಲಿ ಇರುವಂತೆ, ಕುಳಿತುಕೊಳ್ಳಲು ಒಂದು ಕಟ್ಟೆ, ಅದರ ಮುಂದೆ ತಗ್ಗಿನಲ್ಲಿ ಒಂದು ನಳ. ಆ ಕೆಲಸ ಗೌಂಡಿಯದು.

ಇದನ್ನೆಲ್ಲ ನೋಡುತ್ತ ನಿಂತಿದ್ದ ತಮ್ಮನ ಹೆಂಡತಿ ಮೆಲ್ಲಗೆ ಬಾಯಿ ಬಿಟ್ಟಳು. ಅಡುಗೆಕಟ್ಟೆ 34 ಇಂಚು. ನಿಂತು ಜೋಳದ ರೊಟ್ಟಿ ಬಡಿದರೆ ಭುಜ ಕಳಚಿದಂತಾಗುತ್ತದೆ ಎಂದಳು. ರೊಟ್ಟಿಗೆ ಬಲ ಭುಜದಿಂದ ಇಳಿಯಬೇಕು, ಕೈ ಕೆಳಮುಖವಾಗಿರಬೇಕು. ಮೂರು ವರ್ಷದಿಂದ ಅನುಭವಿಸಿದ ನೋವನ್ನು ಅವಳು ಹೇಳಿದ್ದು ಅಂದೇ. ಬಡಿಗೇರ ಕಟ್ಟೆಯ ಕೊನೆಯ ಕಪಾಟು ಬಿಚ್ಚಿ, ಅಷ್ಟು ಭಾಗವನ್ನು 28 ಇಂಚಿಗೆ ಇಳಿಸಿದ.

ಓದುಗರೇ, ನೀವೂ ಮನೆ ಕಟ್ಟಿಸುತ್ತಿರಬಹುದು. ಚಿತ್ರದಲ್ಲಿರುವ ಕಪಾಟಿಗೆ ಎತ್ತರ ಇರುತ್ತದೆ, ಅದನ್ನು ಬಳಸುವವರ ಎತ್ತರ ಇರುವುದಿಲ್ಲ. ಗೋಡೆಗೆ ಸೇರಿದ ಮೇಲೆ ಅದನ್ನು ಕುರ್ಚಿಯಂತೆ ಸರಿಸಲೂ ಬರುವುದಿಲ್ಲ. ಬೆಲೆ, ಬಣ್ಣ, ಕಂಪನಿ ಎಲ್ಲವನ್ನೂ ಗಂಡಸರು ವಿಚಾರಿಸುತ್ತಾರೆ. ದಿನಕ್ಕೆ ಐದು ಹೊತ್ತು ಅದರ ಮುಂದೆ ನಿಲ್ಲುವವರನ್ನು ಒಮ್ಮೆ ಕರೆದು ನಿಲ್ಲಿಸಿ ನೋಡಲು ಕಾಸು ಖರ್ಚಿಲ್ಲ.

ಆ ಬಡಿಗೇರ ಈಗ ಯಾವ ಹೊಸ ಮನೆಗೆ ಹೋದರೂ ಟೇಪು ಬಿಚ್ಚುವ ಮೊದಲು "ರೊಟ್ಟಿ ಯಾರ ಬಡೀತಾರ್ರೀ?" ಎಂದು ಕೇಳುತ್ತಾನಂತೆ.