ಕಾರಿನ ಡೆಂಟು ಮತ್ತು ಶೇಕಡಾವಾರು ಲೆಕ್ಕ

ನಮ್ಮ ಕಡೆ ಮೇಷ್ಟ್ರು ಕಾರು ಕೊಂಡರೆ ಅದು ಮೇಷ್ಟ್ರದಾಗಿ ಉಳಿಯುವುದಿಲ್ಲ. ಊರಿನದಾಗುತ್ತದೆ! ಆಸ್ಪತ್ರೆಗೆ, ಮದುವೆಗೆ, ಮಂತ್ರಾಲಯಕ್ಕೆ, ಪರೀಕ್ಷೆಯ ಪ್ರಶ್ನೆಪತ್ರಿಕೆ ತರುವುದಕ್ಕೆ, ಎಲ್ಲದಕ್ಕೂ ಅದೇ. ಹಾಗಾಗಿ ಅದಕ್ಕೊಂದು ಡೆಂಟು ಬಿದ್ದರೆ ತೀರ್ಪು ಹೇಳುವುದಕ್ಕೂ ಊರೆಲ್ಲ ತಯಾರು. 2024ರ ಡಿಸೆಂಬರ್ ಪೂರ್ತಿ ನಾನು ಇಂಥ ತೀರ್ಪುಗಳನ್ನು ಕೇಳುತ್ತಲೇ ಕಳೆದೆ. "ಕ್ಲೇಮ್ ಮಾಡ್ರಿ ಸಾರ್" ಎಂದವರು ಕೆಲವರು, "ಗುದ್ದಿದವನ ಹತ್ತಿರ ವಸೂಲಿ ಮಾಡ್ರಿ" ಎಂದವರು ಕೆಲವರು, "ಹೋಗ್ಲಿ ಬಿಡ್ರಿ" ಎಂದವರು ಇಬ್ಬರೇ. ಕೊನೆಗೆ ನಾನು ಏನು ಮಾಡಿದೆ, ಯಾಕೆ ಮಾಡಿದೆ ಅನ್ನುವುದನ್ನು ಬರೆದಿಡೋಣ ಅನ್ನಿಸಿತು. ನಮ್ಮ ಕನ್ನಡ ಶಾಲೆಗಳ ಎಷ್ಟೋ ಮೇಷ್ಟ್ರುಗಳು ಈಗ ಸೆಕೆಂಡ್ ಹ್ಯಾಂಡ್ ಕಾರಿನ ಧಣಿಗಳೇ ತಾನೆ!

ಕಾರಿನ ಜಾತಕ ಮೊದಲು ಹೇಳುತ್ತೇನೆ. 2017ರ ಮಾಡೆಲ್ಲು. 2021ರ ಆಗಸ್ಟ್‌ನಲ್ಲಿ ಬಳ್ಳಾರಿಯಲ್ಲಿ ಕೊಂಡದ್ದು. ಅಲ್ಲಿಂದ ಎನ್‌ಓಸಿ ತಂದು, ಇಲ್ಲಿ ತೆರಿಗೆ ಕಟ್ಟಿ, ಕೆಎ 34 ಇದ್ದದ್ದನ್ನು ಎಪಿ 39 ಮಾಡಿಸುವಷ್ಟರಲ್ಲಿ ಸಾಕುಸಾಕಾಯಿತು. 1953ರ ಅಕ್ಟೋಬರ್ 1ರ ತನಕ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆ ಹೊತ್ತಿನಲ್ಲಿ ಮನುಷ್ಯರು ಮನೆ ಬಿಟ್ಟು ಕದಲದೇ ರಾಜ್ಯ ಬದಲಾಯಿಸಿದರು. ಕಾರಿಗೆ ಮಾತ್ರ ಅಷ್ಟು ಸಲೀಸಿಲ್ಲ ನೋಡಿ!

ಇನ್ನು ನಡೆದದ್ದು. ಹತ್ತಿ ಸೀಜನ್ನಿನಲ್ಲಿ ಆದೋನಿ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಹತ್ತಿ ವ್ಯಾಪಾರಕ್ಕೆ ಆಂಧ್ರದಲ್ಲೇ ದೊಡ್ಡ ಹೆಸರಿನ ಮಾರ್ಕೆಟ್ಟು ನಮ್ಮದು. ಟ್ರ್ಯಾಕ್ಟರು, ಲಾರಿ, ಟ್ರಾಲಿ ಆಟೋಗಳೆಲ್ಲ ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಂತಿರುತ್ತವೆ. ಆ ಶನಿವಾರ ಸಂಜೆ ನಾನೂ ನನ್ನ ಸಹೋದ್ಯೋಗಿಯೂ ಶಾಲೆ ಮುಗಿಸಿ ಬರುತ್ತಿದ್ದೆವು. ಮುಂದೆ ದಾರಿಯಿಲ್ಲದೆ ಎಡಕ್ಕೆ ಕಾರು ನಿಲ್ಲಿಸಿಕೊಂಡು ಕೂತಿದ್ದೆವು. ಪಕ್ಕದ ಗಲ್ಲಿಯಿಂದ ಖಾಲಿ ಟ್ರಾಲಿ ಆಟೋ ಒಂದು ಹಿಮ್ಮುಖವಾಗಿ ಬಂತು. ನಾನು ಹಾರ್ನ್ ಒತ್ತಿದೆ. ಆ ಗದ್ದಲದಲ್ಲಿ ಯಾವ ಹಾರ್ನ್ ಯಾರದು? ಹಿಂದಿನ ಎಡಮೂಲೆಗೆ ಬಂದು ಕೂತಿತು. ಬಂಪರ್ ಸೀಳಿತು, ಟೇಲ್ ಲ್ಯಾಂಪ್ ಒಡೆಯಿತು, ಅದರ ಮೇಲಿನ ತಗಡು ಒಳಕ್ಕೆ ಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ಅದೊಂದು ದೊಡ್ಡದು.

ಜನ ಸೇರಿದರು. ನಮ್ಮೂರಿನಲ್ಲಿ ಜಗಳ ಶುರುವಾಗುವುದು ತೆಲುಗಿನಲ್ಲಿ, ಬಿಸಿ ಏರಿದರೆ ಉರ್ದುವೂ ಸೇರಿಕೊಳ್ಳುತ್ತದೆ. ಆಟೋ ಓಡಿಸುತ್ತಿದ್ದವನಿಗೆ ಇಪ್ಪತ್ತೆರಡು ಇಪ್ಪತ್ಮೂರು ಇರಬೇಕು. ನನ್ನ ಸಹೋದ್ಯೋಗಿ ತೆಲುಗಿನಲ್ಲಿ ಜೋರು ಮಾಡಿದಾಗ ಅವನು ತಲೆ ತಗ್ಗಿಸಿಕೊಂಡೇ ಇದ್ದ. ನಾನು ಸಹೋದ್ಯೋಗಿಗೆ ಕನ್ನಡದಲ್ಲಿ "ಸ್ವಲ್ಪ ಸುಮ್ಮನಿರಿ" ಅಂದದ್ದೇ ತಡ, ಹುಡುಗ ತಲೆಯೆತ್ತಿದ. "ಸರ, ಕಾಣಲಿಲ್ಲ ಸರ. ಗಾಡಿ ನಂದಲ್ಲ ಸರ, ಓನರ್ದು" ಅಂದ. ಕೌತಾಳಂ ಕಡೆಯ ಹಳ್ಳಿಯವನು. ಕನ್ನಡ ಶಾಲೆಯಲ್ಲೇ ಓದಿದವನು. ಎಂಟನೇ ಕ್ಲಾಸಿನಲ್ಲಿ ಬಿಟ್ಟವನು.

ಸೇರಿದ್ದವರಲ್ಲಿ ಒಬ್ಬರು "ಇವನ ಲೈಸೆನ್ಸ್ ನೋಡ್ರಿ, ಸರಕು ಗಾಡಿಗೆ ನಡೆಯಲ್ಲ ಅದು" ಅಂದರು. ಅದು ಹಳೇ ಮಾತು. ಲೈಟ್ ಮೋಟಾರ್ ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋಗಿಂತ ಕಡಿಮೆ ತೂಕದ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿತ್ತು. ಹುಡುಗನ ಲೈಸೆನ್ಸ್ ಸರಿಯಾಗಿಯೇ ಇತ್ತು. ಸರಿ ಇಲ್ಲದಿದ್ದದ್ದು ಬೇರೆ. ಸಹೋದ್ಯೋಗಿ ಮೊಬೈಲಿನ ಎಂ-ಪರಿವಾಹನ್ ಆ್ಯಪಿನಲ್ಲಿ ಆಟೋ ನಂಬರ್ ಒತ್ತಿ ನೋಡಿದರೆ, ವಿಮೆ ಮುಗಿದು ಏಳು ತಿಂಗಳಾಗಿತ್ತು.

ಫೋಟೋ ತೆಗೆದುಕೊಂಡೆ, ಧಣಿಯ ನಂಬರ್ ತೆಗೆದುಕೊಂಡೆ, ಮನೆಗೆ ಬಂದೆ.

ಸೋಮವಾರ ಗ್ಯಾರೇಜಿನವರು ಅಂದಾಜು ಬರೆದುಕೊಟ್ಟರು. ಬಂಪರ್ 3,200, ಟೇಲ್ ಲ್ಯಾಂಪ್ 1,800, ತಗಡು ಬಡಿಯುವ ಕೂಲಿ 3,000, ಪೇಂಟಿಂಗ್ 4,000, ಬಿಚ್ಚಿ ಜೋಡಿಸುವ ಕೂಲಿ 2,000. ಒಟ್ಟು 14,000 ರೂಪಾಯಿ. ನನ್ನದು ಪೂರ್ಣ ವಿಮೆ. "ಕ್ಲೇಮ್ ಹಾಕಿದರೆ ನಿಮಗೇನು ಚಿಂತೆ?" ಅಂದರು. ಚಿಂತೆ ಇದೆಯೋ ಇಲ್ಲವೋ ಎಂದು ರಾತ್ರಿ ಪೆನ್ನು ಹಿಡಿದು ಕೂತೆ.

ವಿಮೆಯವರು ಕೊಡುವುದು ಬಿಲ್ಲಿನಷ್ಟಲ್ಲ. ಹೊಸದಾಗಿ ಹಾಕುವ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ. ಬಂಪರಿನಲ್ಲಿ 1,600, ಲ್ಯಾಂಪಿನಲ್ಲಿ 900 ಹೋಯಿತು. ಪೇಂಟಿಂಗ್ ಒಟ್ಟು ಬಿಲ್ಲಾಗಿದ್ದರೆ ಅದರಲ್ಲಿ ಶೇ. 25 ಸಾಮಗ್ರಿ ಎಂದು ಹಿಡಿದು, ಆ ಸಾಮಗ್ರಿಯ ಮೇಲೆ ಶೇ. 50 ಕಳೆಯುತ್ತಾರೆ. ಅಲ್ಲಿ 500 ಹೋಯಿತು. ಕೂಲಿಗೆ ಸವಕಳಿ ಇಲ್ಲ. ಉಳಿದದ್ದು 11,000. ಅದರಲ್ಲಿ 1,500 ಸಿಸಿ ತನಕದ ಕಾರಿಗೆ ಕಡ್ಡಾಯವಾಗಿ ನಾವೇ ಹೊರಬೇಕಾದ 1,000 ಕಳೆದರೆ ಕೈಗೆ ಬರುವುದು 10,000. ನನ್ನ ಜೇಬಿನಿಂದ 4,000. (ತಗಡನ್ನೇ ಬದಲಾಯಿಸಿದ್ದರೆ, ಏಳು ವರ್ಷದ ಕಾರಾದ್ದರಿಂದ ಅದಕ್ಕೂ ಶೇ. 40 ಸವಕಳಿ.)

ಅಷ್ಟೇ ಆಗಿದ್ದರೆ ಕ್ಲೇಮ್ ಹಾಕಬಹುದಿತ್ತು. ಆದರೆ ನೋ ಕ್ಲೇಮ್ ಬೋನಸ್ ಅನ್ನುವುದೊಂದಿದೆಯಲ್ಲ! ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ. ಆಮೇಲೆ ವರ್ಷವರ್ಷಕ್ಕೆ 25, 35, 45, ಕೊನೆಗೆ 50. ಒಂದು ಕ್ಲೇಮ್ ಮಾಡಿದಿರೋ, ಏಣಿಯಿಂದ ನೇರವಾಗಿ ನೆಲಕ್ಕೆ. ನಾನು ಶೇ. 35ರ ಮೆಟ್ಟಿಲಲ್ಲಿದ್ದೆ, 2025ಕ್ಕೆ 45 ಆಗುವುದಿತ್ತು. ಕ್ಲೇಮ್ ಮಾಡಿದರೆ ಐದು ವರ್ಷ ಕ್ರಮವಾಗಿ ಶೇ. 45, 30, 25, 15, 5ರಷ್ಟು ನಷ್ಟ. ಒಟ್ಟು ಶೇ. 120. ಸ್ವಂತ ಹಾನಿಯ ಪ್ರೀಮಿಯಂ 6,000 ಎಂದೇ ಇಟ್ಟುಕೊಂಡರೆ 7,200 ರೂಪಾಯಿ. ಅಂದರೆ 10,000 ಪಡೆಯಲು 7,200 ಬಿಡಬೇಕು. ವಿಮೆಯಿಂದ ನಿಜವಾಗಿ ಸಿಗುವುದು 2,800!

ಹಾಗಾದರೆ ಎರಡನೇ ದಾರಿ, ಗುದ್ದಿದವನಿಂದ ವಸೂಲಿ. ಕಾನೂನು ನನ್ನ ಕಡೆಗೇ ಇತ್ತು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಮೂರನೇ ವ್ಯಕ್ತಿಯ ವಿಮೆ ಇಲ್ಲದೆ ಗಾಡಿ ರಸ್ತೆಗಿಳಿಸುವಂತಿಲ್ಲ. ಇಳಿಸಿದರೆ 196ನೇ ಕಲಮಿನಂತೆ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆರು ತಿಂಗಳೊಳಗೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೂ ಹೋಗಬಹುದು. "ಒಂದು ಕಂಪ್ಲೇಂಟ್ ಬರೀರಿ, ಅವನೇ ಓಡಿ ಬಂದು ಹದಿನಾಲ್ಕು ಸಾವಿರ ಎಣಿಸ್ತಾನೆ" ಎಂದು ಸಹೋದ್ಯೋಗಿ ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ಆದರೆ ಎಣಿಸುವವನು ಯಾರು? ಧಣಿ ಎಣಿಸುತ್ತಾನೆ, ಹುಡುಗನ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ. ಕೋಸಿಗಿ, ಕೌತಾಳಂ, ಪೆದ್ದಕಡಬೂರು ಕಡೆಯ ಶಾಲೆಗಳಲ್ಲಿ ಪಾಠ ಮಾಡಿದವರಿಗೆ ಈ ಹುಡುಗನ ಕಥೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ದೀಪಾವಳಿ ಕಳೆದ ಮೇಲೆ ಹಾಜರಿ ಪುಸ್ತಕದಲ್ಲಿ ಸಾಲುಸಾಲು ಗೈರುಹಾಜರಿ. ಮನೆಮಂದಿಯೆಲ್ಲ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿರುತ್ತಾರೆ. ಸೀಜನಲ್ ಹಾಸ್ಟೆಲ್ ಎಂದು ಸರ್ಕಾರ ಮಾಡಿದ್ದೂ ಇದಕ್ಕೇ. ಇವನೂ ಹಾಗೇ ಎಂಟನೇ ಕ್ಲಾಸಿನಲ್ಲಿ ಗುಂಟೂರಿಗೆ ಹೋದವನು. ವಾಪಸು ಬಂದಾಗ ಪರೀಕ್ಷೆ ಮುಗಿದಿತ್ತಂತೆ. "ಆಮ್ಯಾಲೆ ಸಾಲಿಗೆ ಹೋಗಲಿಲ್ಲ ಸರ" ಅಂದ, ಅಷ್ಟೇ.

ನನ್ನ ಹೆಂಡತಿಯ ವಾದವನ್ನೂ ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ. "ಪಾಪ ಅನ್ನೋದು ಸರಿ. ಆದರೆ ನಮ್ಮ ಮಗಳ ಹಾಸ್ಟೆಲ್ ಫೀಜು ಯಾರು ಕಟ್ಟತಾರೆ? ಗುದ್ದಿದವರಿಗೆಲ್ಲ ಮಾಫಿ ಅಂದ್ರೆ ನಾಳೆ ಇನ್ನೊಬ್ಬ ಗುದ್ದತಾನೆ" ಅಂದಳು. ಈ ಮಾತು ನನ್ನನ್ನು ಎರಡು ದಿನ ಕಾಡಿತು. ಅದರಲ್ಲಿ ಹುರುಳಿತ್ತು. ಯಾಕೆಂದರೆ ನಾನು ಸುಮ್ಮನೆ "ಹೋಗಲಿ" ಎಂದುಬಿಟ್ಟರೆ ಆ ಆಟೋ ನಾಳೆಯೂ ವಿಮೆ ಇಲ್ಲದೆ ಅದೇ ರಸ್ತೆಯಲ್ಲಿ ಓಡುತ್ತದೆ. ಇವತ್ತು ಅದಕ್ಕೆ ಸಿಕ್ಕಿದ್ದು ಬಂಪರ್. ನಾಳೆ ಶಾಲೆ ಬಿಟ್ಟು ಬರುವ ಸೈಕಲ್ಲು ಸಿಕ್ಕರೆ? ಆಗ ಪರಿಹಾರ ಲಕ್ಷಗಳಲ್ಲಿ. ವಿಮೆ ಇಲ್ಲದ ಧಣಿಯಿಂದ ಅದು ಹುಟ್ಟುತ್ತದೆಯೇ? ಮಗು ಕಳೆದುಕೊಂಡವರು ಬರಿಗೈಯಲ್ಲಿ ಕೋರ್ಟಿಗೆ ತಿರುಗಬೇಕು. ನನ್ನ ಡೆಂಟನ್ನು ಕ್ಷಮಿಸುವ ಅಧಿಕಾರ ನನಗಿದೆ. ಆ ಸೈಕಲ್ಲಿನ ಮಗುವಿನ ಪರವಾಗಿ ಕ್ಷಮಿಸುವ ಅಧಿಕಾರ ನನಗೆಲ್ಲಿಂದ ಬಂತು?

ಇಷ್ಟು ಹೊಳೆದ ಮೇಲೆ ದಾರಿ ಸುಲಭವಾಯಿತು. ಧಣಿಗೆ ಫೋನ್ ಮಾಡಿ, ಸಹೋದ್ಯೋಗಿಯನ್ನು ಕರೆದುಕೊಂಡು ಹೋಗಿ ಭೇಟಿಯಾದೆ. ಅವರು ಮೊದಲೇ ರೊಕ್ಕದ ಚೌಕಾಸಿಗೆ ತಯಾರಾಗಿ ಕೂತಿದ್ದರು. "ಐದು ಸಾವಿರ ಕೊಡ್ತೀನಿ, ಮುಗಿಸಿಬಿಡಿ" ಅಂದರು ತೆಲುಗಿನಲ್ಲಿ. ನಾನು ಅಂದೆ: "ನನಗೆ ನಿಮ್ಮ ರೊಕ್ಕ ಬೇಡ. ಆ ರೊಕ್ಕದಲ್ಲಿ ಗಾಡಿಯ ವಿಮೆ ಕಟ್ಟಿ. ಹದಿನೈದು ದಿನ ನೋಡ್ತೀನಿ. ಕಟ್ಟದಿದ್ದರೆ ಕಂಪ್ಲೇಂಟ್ ಕೊಡ್ತೀನಿ. ಮತ್ತೆ ಹುಡುಗನ ಕೂಲಿ ಮುರಿಯಬೇಡಿ." ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಮುಂದಿನ ತಿಂಗಳು ಕಟ್ಟೋಣ" ಅಂದರು. ನಾನು ತಾರೀಖು ಬರೆಸಿಕೊಂಡೆ. ಮೇಷ್ಟ್ರ ಬುದ್ಧಿ!

ಇನ್ನೊಂದು ಮಾತನ್ನೂ ಹೇಳಿಬಂದೆ. ಸೀಜನ್ನಿನಲ್ಲಿ ಟ್ರಾಲಿಯ ಹಿಂದೆ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಹೊಲಕ್ಕೆ ಹೋಗುತ್ತಾರಲ್ಲ, ಸರಕು ಗಾಡಿಯಲ್ಲಿ ಹಾಗೆ ಸುಮ್ಮನೆ ಹತ್ತಿಸಿಕೊಂಡು ಹೋದವರಿಗೆ ಪರಿಹಾರ ಕೊಡುವ ಹೊಣೆ ವಿಮೆ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ವಿಮೆ ಇದ್ದರೂ ಅವರಿಗೆ ರಕ್ಷಣೆಯಿಲ್ಲ. ಈ ಮಾತು ಅವರ ಕಿವಿಗೆ ಎಷ್ಟು ಬಿತ್ತೋ!

ಹನ್ನೆರಡನೇ ದಿನ ಆ್ಯಪಿನಲ್ಲಿ ನೋಡಿದೆ. ವಿಮೆ ಕಟ್ಟಿದ್ದರು. ನಾನೂ ಸಹೋದ್ಯೋಗಿಯೂ ಹೋಟೆಲಿಗೆ ಹೋಗಿ ಮಿರ್ಚಿ ಮಂಡಕ್ಕಿ ತಿಂದೆವು. ಆದರೆ ಜನವರಿಯಲ್ಲಿ ಹುಡುಗ ಸಿಕ್ಕಾಗ ಕೇಳಿದರೆ, ಅವನ ಕೂಲಿಯಲ್ಲಿ ಸಾವಿರ ರೂಪಾಯಿ ಹಿಡಿದಿದ್ದರಂತೆ. "ಇರ್ಲಿ ಬಿಡ್ರಿ ಸರ, ಕೆಲಸ ಐತಲ್ಲ" ಅಂದ. ಅದು ನನಗೆ ಇನ್ನೂ ಚುಚ್ಚುತ್ತದೆ. ನಾವು ಬರೆಸಿಕೊಂಡ ತಾರೀಖು ವಿಮೆಗೆ ನಡೆಯುತ್ತದೆ, ಕೂಲಿಯ ಲೆಕ್ಕದಲ್ಲಿ ನಡೆಯುವುದಿಲ್ಲ.

ಕಾರಿನ ಕಥೆ? ಪೇಟೆಯ ಟಿಂಕರಿಂಗ್ ಮೇಸ್ತ್ರಿ ಬಂಪರ್ ಬಿಸಿ ಮಾಡಿ ಹೊಲಿದು ಕೊಟ್ಟ, ತಗಡು ಬಡಿದ, ಹಳೇ ಲ್ಯಾಂಪ್ ಒಂದು ಹುಡುಕಿ ಕೂರಿಸಿದ. ಒಟ್ಟು 4,300. ಕ್ಲೇಮ್ ದಾರಿಯಲ್ಲಿ ಹೋಗಿದ್ದರೆ ಜೇಬಿನ 4,000, ಬೋನಸ್ಸಿನ 7,200 ಸೇರಿ 11,200 ಆಗುತ್ತಿತ್ತು. ಈ ಅಂಕಿ ತೋರಿಸಿದ ಮೇಲೆ ಮನೆಯಲ್ಲಿ ಚಹಾ ಸರಿಯಾಗಿ ಸಿಗತೊಡಗಿತು. ಬಣ್ಣ ಸ್ವಲ್ಪ ಹೊಂದಿಲ್ಲ, ಬಿಸಿಲಿಗೆ ನಿಂತರೆ ಗೊತ್ತಾಗುತ್ತದೆ.

ಈ ಲೆಕ್ಕವನ್ನೇ ಏಳನೇ ಕ್ಲಾಸಿಗೆ ಶೇಕಡಾವಾರು ಪಾಠದಲ್ಲಿ ಕೊಟ್ಟೆ. ಬೋನಸ್ಸಿನ 7,200 ಬಹಳ ಮಕ್ಕಳು ಸರಿ ಮಾಡಿದರು. ಪೇಂಟಿಂಗಿನ "ಶೇ. 25ರಲ್ಲಿ ಶೇ. 50" ಬಂದಾಗ ಅರ್ಧ ಕ್ಲಾಸು ಎಡವಿತು. ನೀವೂ ನಿಮ್ಮ ಶಾಲೆಯಲ್ಲಿ ಕೊಟ್ಟು ನೋಡಿ, ಪುಸ್ತಕದ ಲಾಭನಷ್ಟಕ್ಕಿಂತ ಆಸೆಯಿಂದ ಮಾಡುತ್ತಾರೆ.

ಹಾಗಂತ ಎಲ್ಲ ಡೆಂಟಿಗೂ ಇದೇ ಉತ್ತರ ಅಂತಲ್ಲ. ಪೆಟ್ಟು ದೊಡ್ಡದಿದ್ದರೆ, ಬಿಲ್ಲು ಮೂವತ್ತು ನಲವತ್ತು ಸಾವಿರ ಮುಟ್ಟಿದರೆ ಕ್ಲೇಮ್ ಮಾಡಲೇಬೇಕು, ವಿಮೆ ಕಟ್ಟುವುದೇ ಅದಕ್ಕೆ. ಯಾರಿಗಾದರೂ ಗಾಯವಾಗಿದ್ದರೆ ಅಲ್ಲೇ ರಾಜಿ ಮಾಡಿಕೊಂಡು ಬರಬೇಡಿ. ಮೊದಲು ಆಸ್ಪತ್ರೆ, ಆಮೇಲೆ 24 ಗಂಟೆಯೊಳಗೆ ಪೊಲೀಸ್ ಠಾಣೆ. ಕ್ಲೇಮ್ ಮಾಡುವ ಮುಂಚೆ ಒಂದು ರಾತ್ರಿ ಪೆನ್ನು ಕಾಗದ ಹಿಡಿದು ಕೂತುಕೊಳ್ಳಿ. ಮತ್ತೆ ಈಗಲೇ ಎದ್ದು ಹೋಗಿ ನಿಮ್ಮ ಗಾಡಿಯ ವಿಮೆ ಯಾವ ತಾರೀಖಿಗೆ ಮುಗಿಯುತ್ತದೆ ನೋಡಿ ಬನ್ನಿ. ಕಾರಿನದು ಮಾತ್ರವಲ್ಲ, ಬೈಕಿನದೂ ನೋಡಿ. ನಮ್ಮ ಸ್ಟಾಫ್ ರೂಮಿನಲ್ಲಿ ಹಾಗೆ ನೋಡಿದಾಗ ಆರು ಬೈಕುಗಳಲ್ಲಿ ಎರಡರ ವಿಮೆ ಮುಗಿದಿತ್ತು!