ನೋವಿಲ್ಲದ ದೇಹಕ್ಕೆ ಔಷಧ
ರಕ್ತಪರೀಕ್ಷೆಯ ವರದಿಯಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲಿನ ಅಂಕಿ ದಪ್ಪಕ್ಷರದಲ್ಲಿ ಅಚ್ಚಾಗಿರುವುದನ್ನು ಕಂಡು, ವೈದ್ಯರು ಬರೆದುಕೊಟ್ಟ ಸ್ಟ್ಯಾಟಿನ್ ಗುಳಿಗೆಯನ್ನು ಕೈಯಲ್ಲಿ ಹಿಡಿದವನು, ನೋವೇ ಇಲ್ಲದ ದೇಹಕ್ಕೆ ಆಜೀವ ಔಷಧವೇಕೆಂದು ಶಂಕಿಸುವುದು ಸಹಜವೇ ಸರಿ. ಆದರೆ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಸಂಚಯವಾಗುವ ಕ್ರಿಯೆ ದಶಕಗಳ ಕಾಲ ಯಾವ ಸುಳಿವನ್ನೂ ಕೊಡದೆ ನಡೆಯುವಂಥದ್ದು. 1973ರಲ್ಲಿ ಜಪಾನಿನ ಅಕಿರಾ ಎಂಡೋ ಅವರು ಶಿಲೀಂಧ್ರವೊಂದರಲ್ಲಿ ಮೊದಲು ಕಂಡುಕೊಂಡ ಈ ಸ್ಟ್ಯಾಟಿನ್ ಔಷಧವರ್ಗವು, ಯಕೃತ್ತಿನಲ್ಲಿ ಕೊಲೆಸ್ಟರಾಲಿನ ಉತ್ಪತ್ತಿಯನ್ನು ತಗ್ಗಿಸಿ, ರಕ್ತದಲ್ಲಿರುವುದನ್ನು ಅದೇ ಯಕೃತ್ತು ಹೆಚ್ಚಾಗಿ ಸೆಳೆದುಕೊಳ್ಳುವಂತೆ ಮಾಡುತ್ತದೆ. ಆದುದರಿಂದ ಒಂದು ಅಂಕಿಯನ್ನಷ್ಟೇ ನೋಡದೆ, ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ತಂದೆತಾಯಿಯರ ಹೃದ್ರೋಗ ಇವೆಲ್ಲವನ್ನೂ ಕೂಡಿಸಿ ತನಗಿರುವ ಅಪಾಯವೆಷ್ಟೆಂದು ವೈದ್ಯರನ್ನೇ ಕೇಳಿ ನಿರ್ಧರಿಸುವುದು ಯುಕ್ತ. ಸ್ನಾಯುನೋವು ಕಾಣಿಸಿಕೊಂಡರೂ ತಾನಾಗಿ ನಿಲ್ಲಿಸದೆ ಅವರಿಗೆ ತಿಳಿಸಿದರೆ, ಪ್ರಮಾಣವನ್ನೋ ಗುಳಿಗೆಯನ್ನೋ ಬದಲಿಸುವ ಮಾರ್ಗವುಂಟು.